ಅಂಗಳದಲ್ಲೇ ಕಾರು ಚಾರ್ಜಿಂಗ್: ಡಬ್ಬಿಗಿಂತ ಮೊದಲು ಮೀಟರ್ ನೋಡಿ

ಎಲೆಕ್ಟ್ರಿಕ್ ಕಾರು ಬುಕ್ ಮಾಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಮನೆ ಹೊರಗೆ ಚಾರ್ಜಿಂಗ್ ವ್ಯವಸ್ಥೆ ಮಾಡಿಸಲು ಎಷ್ಟಾಗುತ್ತದೆ? ಕಲಬುರಗಿಯಲ್ಲಿ ಹದಿನೈದು ಸಾವಿರದಲ್ಲೂ ಮುಗಿಯುತ್ತದೆ, ಎಂಬತ್ತು ಸಾವಿರ ಸುರಿದವರೂ ಇದ್ದಾರೆ. ದಿನಕ್ಕೆ ಎಷ್ಟು ಓಡಾಡುತ್ತೀರಿ, ಮನೆಯ ಅರ್ಥಿಂಗ್ ಹೇಗಿದೆ, ವಿದ್ಯುತ್ ಕಂಪನಿ ಜೆಸ್ಕಾಂನ ಬಿಲ್ಲಿನಲ್ಲಿ ಏನಿದೆ ಎಂಬುದರ ಮೇಲೆ ಖರ್ಚು ನಿಂತಿದೆ.

ಮೊದಲು ದಿನದ ಓಟ

ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯುನಿಟ್‌ಗೆ ಸುಮಾರು 7 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಬ್ರಹ್ಮಪುರದಿಂದ ಸೇಡಂ ರಸ್ತೆ, ಅಲ್ಲಿಂದ ಮಾರುಕಟ್ಟೆ, ಮಕ್ಕಳ ಟ್ಯೂಷನ್ ಎಲ್ಲ ಸೇರಿ ದಿನಕ್ಕೆ 40 ಕಿ.ಮೀ. ಆದರೂ ಬೇಕಾಗುವುದು ಸುಮಾರು ಆರು ಯುನಿಟ್. ಕಾರಿನ ಜೊತೆಗೇ ಬರುವ ಪೋರ್ಟಬಲ್ ಚಾರ್ಜರ್ ಅನ್ನು 15 ಆಂಪಿಯರ್ ಸಾಕೆಟ್‌ಗೆ ಹಾಕಿದರೆ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಸುಮಾರು ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಕಮಲಾಪುರದಿಂದ ಮಹಾಗಾಂವ ಕ್ರಾಸ್ ಮೇಲೆ ದಿನಾ ಕಲಬುರಗಿಗೆ ಬಂದು ಹೋಗುವವರಿಗೂ, 80 ಕಿ.ಮೀ. ಎಂದು ಹಿಡಿದರೆ, ರಾತ್ರಿ ನಾಲ್ಕೈದು ಗಂಟೆ ಸಾಕು.

ಹಾಗಾಗಿ ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಚಾರ್ಜರ್ ಇಲ್ಲಿನ ಬಹುಪಾಲು ಮನೆಗಳಿಗೆ ದುಂದು ಎಂಬುದು ನನ್ನ ಅಭಿಪ್ರಾಯ. ಬಾಡಿಗೆಗೆ ಓಡಿಸುವವರು, ಒಂದೇ ಮನೆಯಲ್ಲಿ ಎರಡು ಕಾರು ಇರುವವರು ಮಾತ್ರ ಅದರ ಬಗ್ಗೆ ಯೋಚಿಸಲಿ.

ಗೃಹಜ್ಯೋತಿ ಲೆಕ್ಕ

ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಗೆ ಚಾಲನೆ ಸಿಕ್ಕಿದ್ದೇ ನಮ್ಮ ಕಲಬುರಗಿಯಲ್ಲಿ, 2023ರ ಆಗಸ್ಟ್ 5ರಂದು. ಅದರ ನಿಯಮ ಬಹಳ ಜನರಿಗೆ ಅರ್ಧ ಮಾತ್ರ ಗೊತ್ತು. ಸಾಮಾನ್ಯವಾಗಿ 2022–23ರ ನಿಮ್ಮ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಉಚಿತ. ಅದನ್ನು ದಾಟಿ 200 ಯುನಿಟ್ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದಿರೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಮನೆ ಬಳಕೆ 130 ಯುನಿಟ್ ಇದ್ದು ಕಾರಿಗೆ 160 ಸೇರಿದರೆ ಒಟ್ಟು 290. ವಿದ್ಯುತ್ ನಿಯಂತ್ರಣ ಆಯೋಗ 2025ರ ಏಪ್ರಿಲ್‌ನಿಂದ ಜಾರಿಗೆ ತಂದ ದರದಲ್ಲಿ ಯುನಿಟ್‌ಗೆ ₹5.80, ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ₹145 ಇತ್ತು. ಆ ದರದಲ್ಲಿ ಮೂರು ಕಿಲೋವ್ಯಾಟ್ ಮಂಜೂರಾತಿ ಇರುವ ಮನೆಗೆ ತೆರಿಗೆ, ಸರ್ಚಾರ್ಜ್ ಸೇರಿ ತಿಂಗಳಿಗೆ ಎರಡು ಸಾವಿರದ ಮುನ್ನೂರರ ಮೇಲೆ ಹೋಗುತ್ತದೆ. ನಿನ್ನೆವರೆಗೆ ಶೂನ್ಯ ಬಿಲ್ ನೋಡಿದವರಿಗೆ ಇದು ದೊಡ್ಡ ಏಟೇ.

ದಾರಿ ಇದೆ. 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ, ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕು ಗ್ರಾಹಕರಿಗಿದೆ. ಆಗ ಮನೆ ಮೀಟರ್ ತನ್ನ ಪಾಡಿಗೆ 200ರ ಒಳಗೇ ಉಳಿಯುತ್ತದೆ. ಕಾರಿನ ಮೀಟರ್‌ಗೆ ವಾಹನ ಚಾರ್ಜಿಂಗ್ ದರ. ಹೊಸ ಮೀಟರಿನ ಬೆಲೆ ಮತ್ತು ಠೇವಣಿ ಮಾತ್ರ ನಿಮ್ಮ ಮೇಲೆ. ಅದೇ ನಿಯಮದಂತೆ ಹೊಸ ಸಂಪರ್ಕಕ್ಕಾಗಲಿ, ಇರುವುದರ ಬದಲಾವಣೆಗಾಗಲಿ ನಗರಸಭೆ, ಪಾಲಿಕೆ ಪ್ರದೇಶದಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನದ ಗಡುವು ಇದೆ. ಅರ್ಜಿ ಕೊಟ್ಟ ದಿನಾಂಕದ ರಸೀದಿ ಇಟ್ಟುಕೊಳ್ಳಿ.

ಸ್ಕೂಟರ್ ಮಾತ್ರ ಇದ್ದವರಿಗೆ ಈ ತಲೆಬಿಸಿ ಕಡಿಮೆ. ತಿಂಗಳಿಗೆ ಮೂವತ್ತು–ನಲವತ್ತು ಯುನಿಟ್ ಅಷ್ಟೆ.

ಮನೆ ಮೀಟರಿನಿಂದಲೇ ಎಳೆಯುವುದಾದರೆ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಗಾಜಿಪುರ, ಶಹಾಬಜಾರ್ ಕಡೆಯ ಹಳೇ ಮನೆಗಳಲ್ಲಿ ಒಂದೆರಡು ಕಿಲೋವ್ಯಾಟ್ ಮಾತ್ರ ಇರುವುದುಂಟು. ಬೇಸಿಗೆಯಲ್ಲಿ ಕೂಲರ್, ಎ.ಸಿ., ಕಾರು ಒಟ್ಟಿಗೆ ನಡೆದರೆ ಅದು ತಾಳುವುದಿಲ್ಲ. ಲೋಡ್ ಹೆಚ್ಚಿಸಲು ಪರವಾನಗಿ ಇರುವ ಗುತ್ತಿಗೆದಾರರ ಮೂಲಕ ಜೆಸ್ಕಾಂ ಉಪವಿಭಾಗ ಕಚೇರಿಗೆ ಅರ್ಜಿ ಹಾಕಬೇಕು.

ಅರ್ಥಿಂಗ್‌ನಲ್ಲಿ ಜಿಪುಣತನ ಬೇಡ

ಹಳೇ ಮನೆಯ ಸಾಕೆಟ್ ಬಿಚ್ಚಿ ನೋಡಿದರೆ ಮೂರನೇ ಪಿನ್‌ಗೆ ವೈರೇ ಇರುವುದಿಲ್ಲ. ಟಿ.ವಿ., ಮಿಕ್ಸರ್ ಹಾಗೇ ನಡೆದಿರುತ್ತವೆ. ಕಾರಿನ ಚಾರ್ಜರ್ ಹಾಗಲ್ಲ. ಅರ್ಥ್ ಸಿಗದಿದ್ದರೆ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಆಗ ಕೆಲವರು ‘ಏನ್ ಆಗಂಗಿಲ್ರಿ’ ಎನ್ನುತ್ತಾ ನ್ಯೂಟ್ರಲ್‌ನಿಂದಲೇ ಅರ್ಥ್ ಪಿನ್‌ಗೆ ಒಂದು ತುಂಡು ವೈರ್ ಲೂಪ್ ಕೊಡುತ್ತಾರೆ. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ. ಕಂಬದ ಕಡೆ ನ್ಯೂಟ್ರಲ್ ಕಡಿದ ದಿನ ಕಾರಿನ ಮೈಗೇ ಕರೆಂಟ್ ಬರುತ್ತದೆ. ಇಂಥ ಕೆಲಸ ಮಾಡುವವರನ್ನು ಅಲ್ಲಿಂದಲೇ ಕಳಿಸಿಬಿಡಿ.

ನಮ್ಮ ಎರೆಭೂಮಿಯದು ಇನ್ನೊಂದು ತಕರಾರು. ಮಳೆಗಾಲದಲ್ಲಿ ಅರ್ಥಿಂಗ್ ಚೆನ್ನಾಗೇ ಇರುತ್ತದೆ. ಏಪ್ರಿಲ್, ಮೇ ಬಂತೆಂದರೆ ನೆಲ ಬಿರಿದು ಪೈಪಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಆದ್ದರಿಂದ ಚಾರ್ಜಿಂಗ್‌ಗೆ ಬೇರೆಯೇ ಗುಂಡಿ ತೆಗೆಸಿ, ಒಣಗದಂತೆ ಬೆಂಟೊನೈಟ್‌ನಂಥ ಪುಡಿ ತುಂಬಿಸಿ, ನೀರು ಹಾಕಲು ಬಾಯಿ ಬಿಡಿಸಿ. ನಾಲ್ಕರಿಂದ ಆರು ಸಾವಿರ ಹೋಗಬಹುದು. ಅರ್ಥ್ ಟೆಸ್ಟರ್ ಹಚ್ಚಿ 5 ಓಮ್ ಒಳಗೆ ಬಂದಿದ್ದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ಜಾಗ, ವೈರ್, ಖರ್ಚು

ಪಾರಾ 42 ಡಿಗ್ರಿ ದಾಟುವ ಊರಿನಲ್ಲಿ ಪಶ್ಚಿಮದ ಗೋಡೆಗೆ ಚಾರ್ಜರ್ ಹಾಕಿಸಬೇಡಿ. ಕಾದಾಗ ಅದು ತಾನಾಗಿಯೇ ವೇಗ ತಗ್ಗಿಸುತ್ತದೆ. ಉತ್ತರ ಅಥವಾ ಪೂರ್ವದ ಗೋಡೆ, ಮೇಲೊಂದು ಛಜ್ಜಾ, ನೆಲದಿಂದ ನಾಲ್ಕು ಅಡಿ ಎತ್ತರ ಒಳ್ಳೆಯದು. ಕೇಬಲ್ ಸಾಮಾನ್ಯವಾಗಿ ಐದು ಮೀಟರ್ ಇರುವುದರಿಂದ ಕಾರಿನ ಚಾರ್ಜಿಂಗ್ ಬಾಯಿ ಯಾವ ಕಡೆ ನಿಲ್ಲುತ್ತದೆ ಎಂದು ನಿಲ್ಲಿಸಿಯೇ ಅಳೆಯಿರಿ. ಸಾಕೆಟ್‌ಗೆ ಐಪಿ 65 ದರ್ಜೆಯ ಮುಚ್ಚಳದ ಪೆಟ್ಟಿಗೆ ಇರಲಿ. ವೈರ್‌ಗೆ ಹಾಕುವ ಸಾದಾ ಬಿಳಿ ಪೈಪ್ ಬಿಸಿಲಿಗೆ ಕೆಲ ವರ್ಷಗಳಲ್ಲೇ ಪುಡಿಯಾಗುತ್ತದೆ. ವೈರ್ ನೆಲದಡಿ ಒಯ್ಯುವುದಾದರೆ, ಅಂಗಳಕ್ಕೆ ಶಹಾಬಾದಿ ಫರಸಿ ಹಾಸಿದ್ದರೆ ಕಲ್ಲು ಒಡೆಯದೆ ಎಬ್ಬಿಸುವ ಗೌಂಡಿಯ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೀಟರ್ ಬೋರ್ಡಿನಿಂದ ಹದಿನೈದು ಮೀಟರ್ ದೂರದ 15 ಆಂಪಿಯರ್ ಸಾಕೆಟ್‌ಗೆ 4 ಚದರ ಮಿ.ಮೀ. ತಾಮ್ರದ ವೈರ್ ಮೂರ್ನಾಲ್ಕು ಸಾವಿರ, ಎಂಸಿಬಿ ಮತ್ತು ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಮೂರು ಸಾವಿರ, ಪೆಟ್ಟಿಗೆ, ಸಾಕೆಟ್, ಪೈಪ್ ಎರಡು ಸಾವಿರ, ಕೂಲಿ ಎರಡೂವರೆ. ಅರ್ಥಿಂಗ್ ಸೇರಿ ಹದಿನೈದರಿಂದ ಹದಿನೆಂಟು ಸಾವಿರ. ಆರ್‌ಸಿಸಿಬಿ ಕೊಳ್ಳುವಾಗ ‘ಟೈಪ್ ಎ’ ಎಂದೇ ಕೇಳಿ. ಗೀಸರ್ ಕಾಲು ಗಂಟೆ ನಡೆಯುತ್ತದೆ, ಕಾರು ರಾತ್ರಿಯಿಡೀ ಎಳೆಯುತ್ತದೆ. ಗೀಸರ್‌ನ ಹಳೇ ವೈರಿಗೆ ಜೋಡಿಸುವುದು, ಎಕ್ಸ್‌ಟೆನ್ಷನ್ ಬೋರ್ಡ್ ಬಳಸುವುದು ಬೇಡವೇ ಬೇಡ.

7.2 ಕಿಲೋವ್ಯಾಟ್ ಬೇಕೇಬೇಕು ಎಂದರೆ ವೈರ್ 6 ಚದರ ಮಿ.ಮೀ. ಆಗುತ್ತದೆ, ಸಿಡಿಲಿನ ರಕ್ಷಣೆಗೆ ಸರ್ಜ್ ಸಾಧನ ಸೇರುತ್ತದೆ, ಚಾರ್ಜರ್‌ಗೇ ಮೂವತ್ತರಿಂದ ಐವತ್ತು ಸಾವಿರ. ಒಟ್ಟು ಅರವತ್ತರಿಂದ ಎಂಬತ್ತು. ಲೋಡ್ ಹೆಚ್ಚಿಸುವ ಠೇವಣಿ ಬೇರೆ.

ಕಮಲಾಪುರದ ಕಡೆ ತೋಟದ ಮನೆ ಇರುವವರಿಗೆ ಒಂದು ಮಾತು. ಕೆಂಪು ಬಾಳೆಗೆ ನೀರುಣಿಸುವ ಪಂಪ್‌ಸೆಟ್ ಲೈನಿನಿಂದ ಕಾರಿಗೆ ಕರೆಂಟ್ ಎಳೆಯಬೇಡಿ. 10 ಎಚ್‌ಪಿವರೆಗಿನ ಉಚಿತ ವಿದ್ಯುತ್ ನೀರಾವರಿಗೆ ಮಾತ್ರ. ಸಿಕ್ಕಿಬಿದ್ದರೆ ದಂಡ ಬೀಳುತ್ತದೆ. ಆ ಲೈನಿನ ವೋಲ್ಟೇಜ್ ಏರಿಳಿತವೂ ಚಾರ್ಜರ್‌ಗೆ ಆಗಿಬರುವುದಿಲ್ಲ. ಮನೆ ಲೈನಿನಲ್ಲೂ ಸಂಜೆ ವೋಲ್ಟೇಜ್ ಬೀಳುತ್ತಿದ್ದರೆ ಹನ್ನೊಂದರ ನಂತರ ಶುರುವಾಗುವಂತೆ ಕಾರಿನಲ್ಲೇ ಸಮಯ ಹೊಂದಿಸಿ. ಸಮಸ್ಯೆ ಹೋಗದಿದ್ದರೆ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ.

ಕೆಲಸ ಮುಗಿದ ಮೇಲೆ ತಿಂಗಳಿಗೊಮ್ಮೆ ಆರ್‌ಸಿಸಿಬಿಯ ‘ಟಿ’ ಗುಂಡಿ ಒತ್ತಿ. ಟ್ರಿಪ್ ಆಗದಿದ್ದರೆ ಅದನ್ನು ಬದಲಿಸುವವರೆಗೆ ಕಾರನ್ನು ಚಾರ್ಜಿಂಗ್‌ಗೆ ಹಾಕಬೇಡಿ.