ಐದು ವಾರದ ಮರಿಗೆ ಇನ್ನೈದು ವಾರ ತಡಿಕೆ

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ತೋಟದ ಮನೆಗಳಿಗೆ ಕೋಳಿಮರಿ ಬರುವ ದಾರಿ ಬದಲಾಗಿದೆ. ಹಿಂದೆ ಮನೆಯ ಹೇಂಟೆಯೇ ಕಾವಿಗೆ ಕೂತು, ಇಪ್ಪತ್ತೊಂದು ದಿನಕ್ಕೆ ಮರಿ ಮಾಡಿ, ಅವನ್ನು ಹಿಂದಿಟ್ಟುಕೊಂಡು ಅಂಗಳಕ್ಕಿಳಿಯುತ್ತಿತ್ತು. ಈಗ ಮರಿ ಬರುವುದು ರಟ್ಟಿನ ಪೆಟ್ಟಿಗೆಯಲ್ಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1989ರಲ್ಲಿ ಹೊರತಂದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ, ಹೆಸರಘಟ್ಟದ ಕೇಂದ್ರದ ಕಾವೇರಿ ಇವಕ್ಕೆಲ್ಲ ಕಾವು ಕೂರುವ ಗುಣ ಬಹುಮಟ್ಟಿಗೆ ಇಲ್ಲ; ಹಾಗಾಗಿ ಪ್ರತಿ ಪೀಳಿಗೆಯನ್ನೂ ಹೊರಗಿನಿಂದಲೇ ತರಬೇಕು. ಹಿತ್ತಲ ಕೋಳಿ ಯೋಜನೆಗಳಲ್ಲಾಗಲಿ, ಮರಿ ಸಾಕಿ ಮಾರುವವರಲ್ಲಾಗಲಿ ಸಿಗುವುದು ಹೆಚ್ಚಾಗಿ ನಾಲ್ಕೈದು ವಾರದ ಮರಿ. ಅದನ್ನು ತಂದ ಸಂಜೆಯೇ ಹಳೇ ಕೋಳಿಗಳ ಗೂಡಿಗೆ ನೂಕಿ ಬಾಗಿಲು ಹಾಕುವುದು ವಾಡಿಕೆ. ಮುಂದೆ ಮರಿಗಳು ಒಂದೊಂದಾಗಿ ಕಡಿಮೆಯಾದರೆ ತಪ್ಪು ತಳಿಯ ಮೇಲೆ ಬೀಳುತ್ತದೆ, ಇಲ್ಲವೇ ಮುಂಗುಸಿಯ ಮೇಲೆ. ಐದು ವಾರವೆಂದರೆ ಪುಕ್ಕ ಬಲಿತು ಮರಿಗೆ ಬಲ್ಬಿನ ಕಾವು ಬೇಡವಾಗುವ ವಯಸ್ಸು, ಅಷ್ಟೇ. ದೊಡ್ಡ ಕೋಳಿಗಳ ನಡುವೆ ಬದುಕಿಕೊಳ್ಳುವ ವಯಸ್ಸು ಅದಲ್ಲ. ಅದಕ್ಕೆ ಹತ್ತು ವಾರವಾದರೂ ತುಂಬಬೇಕು ಎಂಬುದು ಈ ಲೇಖನದ ವಾದ.

ಮೊದಲ ಕಾರಣ ಎಲ್ಲರ ಕಣ್ಣಿಗೂ ಬೀಳುವಂಥದು: ಕುಕ್ಕಾಟ. ನಾರ್ವೆಯ ಪ್ರಾಣಿವಿಜ್ಞಾನಿ ಶೆಲ್ಡರಪ್-ಎಬೆ 1922ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಒಳಗುಟ್ಟನ್ನು ಬಿಡಿಸಿಟ್ಟಿತು. ಕೋಳಿಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು-ಕೀಳಿನ ಸಾಲು ಇರುತ್ತದೆ. ಅದು ಇತ್ಯರ್ಥವಾಗಿರುವವರೆಗೆ ಹಿಂಡು ತಣ್ಣಗಿರುತ್ತದೆ, ಹೊಸ ಮುಖ ಬಂದೊಡನೆ ಲೆಕ್ಕ ಮತ್ತೆ ಶುರುವಾಗುತ್ತದೆ. ಮರಿಗಳ ಮೇಲೆ ಹೆಚ್ಚು ಎರಗುವುದು ಗತ್ತಿನ ಹುಂಜ ಅಲ್ಲ, ಸಾಲಿನ ಕೊನೆಯಲ್ಲಿರುವ ಹೇಂಟೆ. ತನಗಿಂತ ಕೆಳಗೆ ಒಬ್ಬರು ಸಿಕ್ಕರೆಂಬುದು ಅದಕ್ಕೆ ದೊಡ್ಡ ಲಾಭ. ಐದು ವಾರದ ಮರಿಗೆ ಎದುರಿಸುವ ತೂಕವೂ ಇಲ್ಲ, ತಗ್ಗಿ ನಡೆದು ಪಾರಾಗುವ ಕಲೆಯೂ ಗೊತ್ತಿಲ್ಲ. ಇಲ್ಲಿ ಗಿರಿರಾಜ ಸಾಕುವವರು ಮೋಸಹೋಗುವುದುಂಟು. ಚೆನ್ನಾಗಿ ಮೇವು ಸಿಕ್ಕ ಗಿರಿರಾಜ ಎಂಟು ವಾರಕ್ಕೇ ಒಂದು ಕೆ.ಜಿ. ದಾಟುತ್ತದೆ, ನಾಟಿ ಹೇಂಟೆ ಪೂರ್ತಿ ಬೆಳೆದರೂ ಒಂದೂಕಾಲು, ಒಂದೂವರೆ ಕೆ.ಜಿ. ಮೈ ನೋಡಿದರೆ ಸರಿಸಮ. ಆದರೆ ಅದರ ನಡವಳಿಕೆ ಇನ್ನೂ ಮರಿಯದೇ. ಕುಕ್ಕು ಬಿದ್ದರೆ ಮೂಲೆಗೆ ಹೋಗಿ ಒಂದರ ಮೇಲೊಂದು ಬೀಳುತ್ತವೆ, ಮೇವಿನ ಕಡೆ ತಲೆ ಹಾಕುವುದಿಲ್ಲ. ಕುಕ್ಕಿಗೆ ಸತ್ತ ಮರಿ ಕಣ್ಣಿಗೆ ಬೀಳುತ್ತದೆ. ಹಸಿವು, ಬಾಯಾರಿಕೆಯಲ್ಲಿ ಸೊರಗಿದ್ದು ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕಿಂತ ಭಾರವಾದದ್ದು ರೋಗದ ವಿಷಯ. ಹಳೇ ಕೋಳಿ ನೋಡುವುದಕ್ಕೆ ಗಟ್ಟಿಮುಟ್ಟಾಗಿರುತ್ತದೆ, ಆದರೆ ರಕ್ತಭೇದಿಯ ಪರೋಪಜೀವಿ, ಜಂತುಹುಳು, ಗೊರಗೊರ ಉಸಿರಿನ ಸೋಂಕು ಇವನ್ನು ಒಡಲಲ್ಲಿಟ್ಟುಕೊಂಡೇ ಓಡಾಡುತ್ತಿರುತ್ತದೆ. ಅದಕ್ಕೆ ತಡೆಯುವ ಶಕ್ತಿ ಬಂದಿದೆ, ಮರಿಗೆ ಬಂದಿಲ್ಲ. ರಕ್ತಭೇದಿ ಬಹುಪಾಲು ಕಾಡುವುದು ಮೂರರಿಂದ ಆರು ವಾರದ ಮರಿಗಳನ್ನು. ಹಿಕ್ಕೆಯಲ್ಲಿ ಬಿದ್ದ ಅದರ ಮೊಟ್ಟೆಗಳು ಬೆಚ್ಚನೆಯ ತೇವ ಸಿಕ್ಕರೆ ಒಂದೆರಡು ದಿನದಲ್ಲೇ ಸೋಂಕಿಗೆ ಸಿದ್ಧವಾಗುತ್ತವೆ. ಮಲೆನಾಡಿನ ಗೂಡಿನಲ್ಲಿ ತೇವಕ್ಕೆ ಬರವುಂಟೇ? ಇನ್ನು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹಾಕುವ ಹನಿ, ನಾಲ್ಕನೇ ವಾರದ ಲಸೋಟಾ ಲಸಿಕೆ ಇವು ಮರಿಗೆ ತಾತ್ಕಾಲಿಕ ಆಸರೆ. ಗಟ್ಟಿ ರಕ್ಷಣೆ ಕೊಡುವ ಆರ್2ಬಿ ಲಸಿಕೆ ಹಾಕುವುದು ಎಂಟನೇ ವಾರ ತುಂಬಿದ ಮೇಲೆ. ಅದಕ್ಕೂ ಮೊದಲು ಎಳೆಯ ಮರಿಗೆ ಹಾಕಿದರೆ ಲಸಿಕೆಯೇ ರೋಗವಾಗಬಹುದು. ಹಾಕಿದ ಮೇಲೂ ಮೈಗೆ ಶಕ್ತಿ ಹತ್ತಲು ಎರಡು ವಾರ ಬೇಕು. ಎಂಟಕ್ಕೆ ಎರಡು ಸೇರಿಸಿದರೆ ಹತ್ತು. ಮೈ ಬಲಿಯುವ ಲೆಕ್ಕ, ಕರುಳು ರಕ್ತಭೇದಿಗೆ ಹೊಂದಿಕೊಳ್ಳುವ ಲೆಕ್ಕ, ಲಸಿಕೆಯ ಲೆಕ್ಕ, ಬೇರೆ ಬೇರೆ ಕಡೆಯಿಂದ ಹೊರಟ ಮೂರೂ ಹತ್ತನೇ ವಾರದ ಹತ್ತಿರವೇ ಬಂದು ಸೇರುತ್ತವೆ. ಹತ್ತು ವಾರ ಎಂದು ಹಟ ಹಿಡಿಯುವುದು ಅದಕ್ಕೇ.

ಲಸಿಕೆ ಮರಿಗಷ್ಟೇ ಸಾಲದು. ಹಳೇ ಹಿಂಡಿಗೂ, ಮರಿ ಬರುವ ಎರಡು ಮೂರು ವಾರ ಮೊದಲೇ, ಆರ್2ಬಿ ಹಾಕಿಸಿ ಜಂತಿನ ಔಷಧ ಕೊಟ್ಟಿರಬೇಕು. ಒಂದು ಸೀಸೆಯಲ್ಲಿ ನೂರು, ಇನ್ನೂರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹದಿನೈದು ಕೋಳಿಯ ಮನೆಗೆ ಅದು ದಂಡ ಎಂಬ ಮಾತು ನಿಜವೇ. ಆದರೆ ಲೈನಿನ ಮನೆಗಳೆಲ್ಲ, ಅಥವಾ ಒಂದು ಕೇರಿಯ ನಾಲ್ಕಾರು ಮನೆಗಳವರು ಒಂದೇ ದಿನ ಹಾಕಿಸಿಕೊಂಡರೆ ಆ ತಕರಾರು ತೀರುತ್ತದೆ. ಪಶು ಆಸ್ಪತ್ರೆಯಿಂದ ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ತಂದು ಸಂಜೆ ತಂಪಿನಲ್ಲಿ ಹಾಕಿದರಾಯಿತು. ಪಕ್ಕದ ಮನೆಯ ಕೋಳಿಯೂ ನಿಮ್ಮ ಅಂಗಳಕ್ಕೇ ಬರುವುದಲ್ಲವೇ!

ಮೇವಿನ ಕಾರಣ ಚಿಕ್ಕದು, ಆದರೆ ಬಹುತೇಕರಿಗೆ ಗೊತ್ತಿರುವುದಿಲ್ಲ. ಮೊಟ್ಟೆಕೋಳಿ ಆಹಾರದಲ್ಲಿ ಸುಣ್ಣದಂಶ ಶೇ. 3.5ರಿಂದ 4ರಷ್ಟು, ಮರಿಗೆ ಬೇಕಾದ್ದು ಶೇ. 1ರ ಆಸುಪಾಸು. ದೊಡ್ಡವುಗಳ ತಟ್ಟೆಯನ್ನೇ ಮರಿ ದಿನವೂ ತಿಂದರೆ ಮೂತ್ರಪಿಂಡ ಕೆಡುತ್ತದೆ. ಬೆರೆಸಿದ ಮೇಲೂ ಹೊಸ ಹೇಂಟೆಗಳು ಮೊಟ್ಟೆಗೆ ಬರುವವರೆಗೆ ಎಲ್ಲಕ್ಕೂ ಬೆಳೆಯುವ ಕೋಳಿಯ ಆಹಾರವನ್ನೇ ಕೊಟ್ಟು, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡುವುದು ಸರಿ. ಬೇಕಾದ ಹೇಂಟೆ ತಾನೇ ಹೋಗಿ ತಿನ್ನುತ್ತದೆ.

ಇಷ್ಟಕ್ಕೆಲ್ಲ ಒಂದು ಬಲವಾದ ಆಕ್ಷೇಪವಿದೆ. ತಾಯಿಕೋಳಿ ಒಂದು ದಿನದ ಮರಿಗಳನ್ನು ಹಿಂಡಿನ ನಡುವೆಯೇ ಸಾಕಿ ದೊಡ್ಡದು ಮಾಡುವುದಿಲ್ಲವೇ, ತಡಿಕೆ ಯಾರು ಕಟ್ಟಿದ್ದರು? ನಿಜ. ಆದರೆ ಅಲ್ಲಿ ತಡಿಕೆಯ ಕೆಲಸವನ್ನು ತಾಯಿಯೇ ಮಾಡುತ್ತಿರುತ್ತದೆ. ರೆಕ್ಕೆ ಕೆದರಿ ನಿಂತ ತಾಯಿಕೋಳಿಯ ಹತ್ತಿರ ಹಿಂಡಿನ ಯಜಮಾನಿ ಹೇಂಟೆಯೂ ಸುಳಿಯುವುದಿಲ್ಲ. ಮೊಟ್ಟೆಯ ಮೂಲಕವೇ ಮರಿಗೆ ತಾಯಿಯ ರೋಗನಿರೋಧಕ ಶಕ್ತಿಯ ಪಾಲು ಸಿಕ್ಕಿ ಮೊದಲ ಕೆಲವು ವಾರ ಕಾಯುತ್ತದೆ. ಹುಟ್ಟಿದ ಅಂಗಳದ ರೋಗಾಣುಗಳನ್ನು ಮರಿ ಸ್ವಲ್ಪ ಸ್ವಲ್ಪವಾಗಿ ಎದುರಿಸಿ ಪಳಗುತ್ತದೆ. ಪೆಟ್ಟಿಗೆಯಲ್ಲಿ ಬಂದ ಮರಿಗೆ ಈ ಮೂರೂ ಇಲ್ಲ. ಅದು ಬೇರೆ ಅಂಗಳದ್ದು, ತಾಯಿಯಿಲ್ಲದ್ದು, ಒಂದೇ ಸಲಕ್ಕೆ ಪೂರ್ತಿ ಪ್ರಮಾಣದ ಸೋಂಕಿಗೆ ಬೀಳುವಂಥದು. ಒಂದೆರಡು ದಿನದ ಮರಿ ಸಿಕ್ಕಿ, ಮನೆಯಲ್ಲಿ ಕಾವಿಗೆ ಕೂತ ನಾಟಿ ಹೇಂಟೆಯೂ ಇದ್ದರೆ, ರಾತ್ರಿ ಅದರ ರೆಕ್ಕೆಯಡಿ ಸೇರಿಸುವುದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಐದು ವಾರದ ಮರಿಗೆ ಅದು ನಡೆಯುವುದಿಲ್ಲ, ಯಾವ ಹೇಂಟೆಯೂ ಅಷ್ಟು ದೊಡ್ಡದನ್ನು ತನ್ನದೆಂದು ಒಪ್ಪುವುದಿಲ್ಲ.

ಕತ್ತಲಾದ ಮೇಲೆ ಬಿಟ್ಟರೆ ಜಗಳವೇ ಇಲ್ಲ ಎನ್ನುವವರೂ ಇದ್ದಾರೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದು, ಆದ್ದರಿಂದ ರಾತ್ರಿ ಜಗಳವಿಲ್ಲ ಎನ್ನುವಷ್ಟು ಮಾತ್ರ ಸರಿ. ಬೆಳಗಾಗುತ್ತದಲ್ಲ! ಕತ್ತಲ ಉಪಾಯ ಕೊನೆಯ ಹೆಜ್ಜೆಗೆ ಸರಿಹೋಗುತ್ತದೆ, ಅದೊಂದನ್ನೇ ನಂಬಿ ಕೂರುವಂತಿಲ್ಲ. ಜಾಗವಿಲ್ಲ, ಖರ್ಚಿಗೆ ಕಾಸಿಲ್ಲ ಎಂಬ ಮಾತು ಇದಕ್ಕಿಂತ ನ್ಯಾಯವಾದದ್ದು. ಮೊದಲ ಎರಡು ವಾರಕ್ಕೆ ಹಳೇ ಗೂಡಿನಿಂದ ದೂರದ ಸೌದೆ ಕೊಟ್ಟಿಗೆಯ ಒಂದು ಮೂಲೆ ಸಾಕು. ಹೊಸ ಮರಿಯೇ ರೋಗ ತಂದಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಮೇವು, ನೀರು ಹಾಕುವಾಗ ಮೊದಲು ಮರಿಗಳ ಹತ್ತಿರ ಹೋಗಿ ಆಮೇಲೆ ದೊಡ್ಡವುಗಳ ಹತ್ತಿರ ಹೋಗಬೇಕು, ತಿರುಗುಮುರುಗಾದರೆ ಚಪ್ಪಲಿಯಲ್ಲೇ ಸೋಂಕು ಬರುತ್ತದೆ. ಉಳಿದ ಮೂರು ವಾರಕ್ಕೆ ಹಳೇ ಗೂಡಿನೊಳಗೇ ಅಡಿಕೆ ದಬ್ಬೆಯದೋ ಬಿದಿರಿನದೋ ತಡಿಕೆ ನಿಲ್ಲಿಸಿದರಾಯಿತು. ದಬ್ಬೆಗಳ ನಡುವೆ ಕೊಕ್ಕು ತೂರದಷ್ಟು ಸಂದಿರಲಿ. ಒಂದನ್ನೊಂದು ನೋಡುತ್ತ, ಕೂಗು ಕೇಳುತ್ತ, ತಡಿಕೆಯ ಎರಡೂ ಬದಿಗಿಟ್ಟ ಮೇವನ್ನು ಅಕ್ಕಪಕ್ಕದಲ್ಲೇ ತಿಂದ ಕೋಳಿಗಳಿಗೆ ಬೆರೆಸುವ ದಿನ ಹೊಸ ಮುಖವೆಂಬುದು ಉಳಿದಿರುವುದಿಲ್ಲ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒಣಗಿರಬೇಕು. ಹಸಿಯಾದದ್ದನ್ನು ಆ ದಿನವೇ ತೆಗೆಯಬೇಕು.

ನಮ್ಮ ಮಳೆ ಮತ್ತು ತೋಟದ ಕೆಲಸ ಎರಡನ್ನೂ ನೋಡಿದರೆ ಮರಿ ತರಲು ಫೆಬ್ರವರಿ ಕೊನೆ, ಮಾರ್ಚ್ ಮೊದಲು ಪ್ರಶಸ್ತ. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೆ ರೊಬಸ್ಟಾ ಕೊಯ್ಲು ಇರುವಾಗ ಮರಿಯ ಕಡೆ ನೋಡಲು ಮನೆಯಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಜೂನ್ ತಿಂಗಳಲ್ಲಿ ತಂದರೆ ಹೊಟ್ಟು ಒಣಗುವುದಿಲ್ಲ, ಕರೆಂಟು ಇರುವುದಿಲ್ಲ, ರಕ್ತಭೇದಿಗೆ ಹಬ್ಬ. ಮಾರ್ಚಿನ ಮರಿ ಏಪ್ರಿಲ್ ಮಧ್ಯದ ಹೊತ್ತಿಗೆ ಹತ್ತು ವಾರ ಮುಗಿಸಿ, ಮುಂಗಾರು ಹಿಡಿಯುವಷ್ಟರಲ್ಲಿ ಹಿಂಡಿನಲ್ಲಿ ಬೆರೆತಿರುತ್ತದೆ. ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮಾತ್ರ ಕೋಳಿಗಳನ್ನು ಆ ಪಟ್ಟೆಗೆ ಬಿಡಬಾರದು. ಮೈಲುತುತ್ತದ ಹನಿ ಬಿದ್ದ ಸೊಪ್ಪು, ಗುಂಡಿಯ ನೀರು ಅವಕ್ಕೆ ವಿಷ.

ಬೆರೆಸುವಾಗ ಒಂದೆರಡನ್ನು ಬಿಟ್ಟು ನೋಡುವ ಪ್ರಯೋಗ ಬೇಡ, ಎಲ್ಲ ಏಟೂ ಆ ಎರಡಕ್ಕೇ ಬೀಳುತ್ತದೆ. ಎಲ್ಲವನ್ನೂ ಒಟ್ಟಿಗೆ, ಮುಸ್ಸಂಜೆ ಕೋಲಿಗೆ ಹತ್ತಿಸಿ, ಬೆಳಿಗ್ಗೆ ಬೇಗ ಬಾಗಿಲು ತೆಗೆದು ಹೊರಗೆ ಬಿಡಬೇಕು. ಬಯಲಿನಲ್ಲಿ ಓಡಲು ಜಾಗವಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಮೇವಿನ ತಟ್ಟೆ, ನೀರಿನ ಪಾತ್ರೆ ಎರಡೆರಡು ಕಡೆ ಇಟ್ಟು, ತಡಿಕೆಯನ್ನು ಬಿಚ್ಚದೆ ಅದರ ಬುಡದಲ್ಲಿ ಹೊಸಬು ಮಾತ್ರ ನುಸುಳುವಷ್ಟು ಕಿಂಡಿ ಮಾಡಿದರೆ ಅಟ್ಟಿಸಿಕೊಂಡ ಮರಿಗೆ ಅಡಗುದಾಣ ಸಿಗುತ್ತದೆ. ಗಿರಿರಾಜ ದಪ್ಪಗಿದ್ದು ನುಸುಳಲಾಗದಿದ್ದರೆ ಒಣ ಕಾಫಿ ಗಿಡದ ರೆಂಬೆಗಳನ್ನು ರಾಶಿ ಹಾಕಿದರೂ ನಡೆದೀತು. ರಕ್ತ ಕಂಡರೆ ಎಲ್ಲವೂ ಅಲ್ಲಿಗೇ ಕುಕ್ಕುತ್ತವೆ, ಹಾಗಾಗಿ ಗಾಯವಾದದ್ದನ್ನು ತಕ್ಷಣ ಎತ್ತಿ, ವಾಸಿಯಾದ ಮೇಲೆ ಇನ್ನೊಂದು ಮರಿಯ ಜೊತೆ ಸೇರಿಸಿ ವಾಪಸು ಬಿಡಬೇಕು. ವಾರ ಕಳೆದರೂ ಒಂದೇ ಹೇಂಟೆ ಕಾಟ ಕೊಡುತ್ತಿದ್ದರೆ ಮರಿಗಳ ಬದಲು ಅದನ್ನೇ ಮೂರು ನಾಲ್ಕು ದಿನ ಮಂಕರಿಯಡಿ ಮುಚ್ಚಿಡಿ. ಹೊರಬರುವಾಗ ಅದರ ಸ್ಥಾನ ಕೆಳಗಿಳಿದಿರುತ್ತದೆ. ಹೊಸ ಹುಂಜಗಳ ತಕರಾರು ನಾಲ್ಕೈದು ತಿಂಗಳಿಗೆ ಶುರುವಾಗುವಂಥದು. ಎಂಟು ಹತ್ತು ಹೇಂಟೆಗೆ ಒಂದರಂತೆ ಉಳಿಸಿಕೊಂಡು, ಮಿಕ್ಕವನ್ನು ಅದಕ್ಕೂ ಮೊದಲೇ ಮಾರಿಬಿಡಿ.