ಚಿತ್ರವಿಲ್ಲದ ಪರದೆ

ಗಣಕಯಂತ್ರವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಣ್ಣದ ಚಿತ್ರಗಳು, ಕಿಟಕಿಗಳು, ಮೌಸಿನ ಬಾಣ. ಆದರೆ ನಮ್ಮ ಶಾಲಾ ಪ್ರಯೋಗಾಲಯದ ಗಣಕಗಳಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬೇರೊಂದು ಪರದೆ ತೆರೆಯುತ್ತದೆ. ಅಲ್ಲಿ ಚಿತ್ರವಿಲ್ಲ, ಬರೇ ಅಕ್ಷರ. ಮಿನುಗುವ ಒಂದು ಗುರುತು ನಮ್ಮ ಆಜ್ಞೆಗಾಗಿ ಕಾಯುತ್ತಿರುತ್ತದೆ. ಇದರ ಹೆಸರು ಟರ್ಮಿನಲ್. ಕೇರಳದ ಶಾಲೆಗಳಿಗಾಗಿ ಕೈಟ್ ಸಂಸ್ಥೆಯು ಸಿದ್ಧಪಡಿಸಿದ ಗ್ನೂ ಲಿನಕ್ಸಿನೊಂದಿಗೆ ಈ ಪರದೆಯೂ ನಮ್ಮ ಮಕ್ಕಳಿಗೆ ದೊರೆತಿದೆ. ಇದನ್ನು ಕಂಡ ಹೆತ್ತವರೊಬ್ಬರು ಯಂತ್ರವೇ ಕೆಟ್ಟಿತೆಂದು ತಿಳಿದು ಗಾಬರಿಯಾದುದುಂಟು!

ಮೊದಲು ಒಂದು ಸಣ್ಣ ತಂತ್ರಾಂಶವನ್ನು ನೋಡೋಣ. ಇಂಗ್ಲಿಷಿನ ಸಿ, ಎ, ಎಲ್ ಎಂಬ ಮೂರು ಅಕ್ಷರಗಳನ್ನು ಬರೆದು, ಜಾಗ ಬಿಟ್ಟು, 1956 ಎಂದು ಬರೆದು ಎಂಟರ್ ಒತ್ತಿರಿ. ಗಣಕದಲ್ಲಿ ಈ ತಂತ್ರಾಂಶವಿದ್ದರೆ ಆ ವರ್ಷದ ಪಂಚಾಂಗವೇ ಮೂಡುತ್ತದೆ. ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿದ ನವೆಂಬರ್ 1 ಗುರುವಾರವೆಂದು ಕಾಣುವಿರಿ. ಇನ್ನು 1984 ಎಂದು ಬರೆದು ನೋಡಿ. ನಮ್ಮ ಜಿಲ್ಲೆಯು ರೂಪುಗೊಂಡ ಮೇ 24 ಕೂಡ ಗುರುವಾರವೇ. ಅಷ್ಟೇ ಅಲ್ಲ, ಎರಡು ವರ್ಷಗಳ ಪಂಚಾಂಗವೂ ಒಂದೇ. ವಾರಕ್ಕೆ 7 ದಿನ, ಅಧಿಕ ವರ್ಷ ಬರುವುದು 4 ವರ್ಷಕ್ಕೊಮ್ಮೆ. ಆದುದರಿಂದ 28 ವರ್ಷಗಳಿಗೊಮ್ಮೆ ದಿನ ಮತ್ತು ತಾರೀಕು ಪುನಃ ಕೂಡಿಬರುತ್ತವೆ. 1752ರ ಸೆಪ್ಟೆಂಬರ್ ತಿಂಗಳನ್ನೂ ನೋಡಿರಿ. ಅಲ್ಲಿ 2ನೇ ತಾರೀಕಿನ ಮರುದಿನವೇ 14. ಏಕೆಂದು ಸಮಾಜ ವಿಜ್ಞಾನದ ಅಧ್ಯಾಪಕರನ್ನು ಕೇಳತಕ್ಕದ್ದು.

ಈ ಪರದೆಯ ರಚನೆಯನ್ನು ತಿಳಿಯಲು ಚೌಕಗಳ ಗಣಿತ ಪುಸ್ತಕವನ್ನು ನೆನೆದರೆ ಸಾಕು. ಒಂದು ಚೌಕಕ್ಕೆ ಒಂದು ಅಕ್ಷರ. 1978ರಲ್ಲಿ ಅಮೆರಿಕೆಯ ಡೆಕ್ ಕಂಪೆನಿ ಹೊರತಂದ ವಿಟಿ-100 ಎಂಬ ಟರ್ಮಿನಲ್ ಯಂತ್ರದಲ್ಲಿ ಸಾಲಿಗೆ 80 ಚೌಕಗಳಂತೆ 24 ಸಾಲುಗಳಿದ್ದುವು. ಈ 80 ಎಂಬ ಲೆಕ್ಕ ಇನ್ನೂ ಹಳೆಯದು; 1928ರ ಐಬಿಎಂ ರಂಧ್ರಪತ್ರಗಳಲ್ಲಿ 80 ಕಂಬಸಾಲುಗಳಿದ್ದುವು. ಇಂದಿನ ಟರ್ಮಿನಲ್ ಕಿಟಕಿ ತೆರೆದಾಗಲೂ ಸಾಮಾನ್ಯವಾಗಿ ಅದೇ 80, ಅದೇ 24.

ಇಷ್ಟು ಚಿಕ್ಕ ಜಾಗದಲ್ಲಿ ಬಳಸುವವನಿಗೆ ದಾರಿ ತೋರಿಸುವುದು ಹೇಗೆ? ಬಿಲ್ ಜಾಯ್ ಎಂಬಾತ 1976ರಲ್ಲಿ ಬರೆದ ವಿಐ ಎಂಬ ಬರವಣಿಗೆಯ ತಂತ್ರಾಂಶವು ಬಹಳ ಚುರುಕಾದುದು. ಆದರೆ ಅದನ್ನು ತೆರೆದರೆ ಯಾವ ಸೂಚನೆಯೂ ಇಲ್ಲ. ಉಪ್ಪಿನ ಭರಣಿ ಎಲ್ಲಿದೆಯೆಂದು ಮನೆಯವರಿಗೆ ಮಾತ್ರ ತಿಳಿದಿರುವ ಅಡುಗೆಮನೆಯಂತೆ! ಅದರಲ್ಲಿ ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಹೋಗಲು ಎಚ್, ಜೆ, ಕೆ, ಎಲ್ ಕೀಲಿಗಳು. ಜಾಯ್ ಬಳಸುತ್ತಿದ್ದ ಎಡಿಎಂ-3ಎ ಯಂತ್ರದಲ್ಲಿ ಬಾಣದ ಗುರುತುಗಳು ಆ ಅಕ್ಷರಗಳ ಮೇಲೆಯೇ ಇದ್ದುದು ಇದಕ್ಕೆ ಕಾರಣ. ಆ ಯಂತ್ರ ಮೂಲೆಗೆ ಸೇರಿತು, ಅಭ್ಯಾಸ ಉಳಿಯಿತು.

ನನಗೆ ಪ್ರಿಯವಾದುದು ನ್ಯಾನೋ. ಪರದೆಯ ತಳದ ಎರಡು ಸಾಲುಗಳಲ್ಲಿ ಅದು ತನ್ನ ಗುಟ್ಟನ್ನೆಲ್ಲ ಬರೆದಿಟ್ಟಿದೆ. ಉಳಿಸಲು ಈ ಕೀಲಿ, ಸಾಲನ್ನು ಕತ್ತರಿಸಲು ಆ ಕೀಲಿ, ಹೊರಬರಲು ಇನ್ನೊಂದು. ಅಕ್ಷರದ ಹಿಂದಿರುವ ತಲೆಕೆಳಗಾದ 'ವಿ'ಯಂತಹ ಗುರುತಿಗೆ ಕಂಟ್ರೋಲ್ ಕೀಲಿಯೆಂದು ಅರ್ಥ. ಉಳಿಸದೆ ಹೊರಟರೆ 'ಉಳಿಸಲೇ?' ಎಂದು ಕೇಳುತ್ತದೆ. ಎಂಟನೇ ತರಗತಿಯ ಮಕ್ಕಳು ಹತ್ತು ನಿಮಿಷದಲ್ಲಿ ಕಲಿತರು. ಎರಡು ಅಂಕಣಗಳಲ್ಲಿ ಕಡತಗಳನ್ನು ತೋರಿಸುವ ಮಿಡ್‌ನೈಟ್ ಕಮಾಂಡರ್ ಕೂಡ ಇದೇ ಜಾತಿಯದು. ನಕಲಿಗೆ ಎಫ್ 5, ಅಳಿಸಲು ಎಫ್ 8 ಎಂದು ತಳದಲ್ಲೇ ಬರೆದಿರುತ್ತದೆ.

ಆದರೆ ಇಲ್ಲಿ ನಮಗೊಂದು ತೊಡಕಿದೆ. ಕಳೆದ ವರ್ಷ ಹುಡುಗಿಯೊಬ್ಬಳು ನ್ಯಾನೋದಲ್ಲಿ ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಬರೆದಳು: ಮಂಜೇಶ್ವರ. ಪರದೆಯಲ್ಲಿ ವ-ಒತ್ತು ಕೆಳಗಿಳಿಯದೆ 'ಶ್' ಒಂದು ಕಡೆ, 'ವ' ಇನ್ನೊಂದು ಕಡೆ ನಿಂತುವು. 'ಜೇ'ಯ ದೀರ್ಘವೂ ಸರಿದುಹೋಗಿತ್ತು. "ಸರ್, ನಾನು ಬರೆದದ್ದು ತಪ್ಪಾಯ್ತು" ಎಂದು ಆಕೆ ಅಳಿಸಿ ಅಳಿಸಿ ಬರೆದಳು. ತಪ್ಪು ಆಕೆಯದಾಗಿರಲಿಲ್ಲ.

ನಾವು 'ಮಂಜೇಶ್ವರ' ಎಂಬುದನ್ನು 4 ಅಕ್ಷರಗಳಾಗಿ ಓದುತ್ತೇವೆ. ಗಣಕಕ್ಕೆ ಅದು 8 ಸಂಕೇತಗಳು: ಮ, ಸೊನ್ನೆ, ಜ, ಏತ್ವ, ಶ, ಅರ್ಧಾಕ್ಷರದ ಚಿಹ್ನೆ, ವ, ರ. ಇಂಗ್ಲಿಷಿಗಾಗಿ ಹಾಕಿದ ಚೌಕದಲ್ಲಿ ಸಂಕೇತಕ್ಕೊಂದು ಮನೆ ಎಂಬುದು ನಿಯಮ. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳಾದರೋ ಕೆಳಗೂ ಪಕ್ಕಕ್ಕೂ ಹರಡುವಂಥವು. ಆ ಮನೆಯಲ್ಲಿ ಹಿಡಿಸುವುದಿಲ್ಲ. ಇದು ಬಗೆಹರಿಯದ ಸಮಸ್ಯೆಯೆಂದು ತಿಳಿಯಬೇಕಾಗಿಲ್ಲ. ಡಾಸ್ ಕಾಲದಲ್ಲಿ, ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಬೆಳೆಸಿದ ಜಿಸ್ಟ್ ಕಾರ್ಡ್ ಎಂಬ ಹಲಗೆಯನ್ನು ಯಂತ್ರದೊಳಗೆ ಸೇರಿಸಿದರೆ ಇಂತಹ ಅಕ್ಷರಪರದೆಯ ಮೇಲೆಯೇ ಭಾರತೀಯ ಲಿಪಿಗಳು ಮೂಡುತ್ತಿದ್ದುವು. 1991ರಲ್ಲಿ ಬಂದ ಯೂನಿಕೋಡ್ ಕನ್ನಡದ ಸಂಕೇತಗಳಿಗೆ ಶಾಶ್ವತ ಸ್ಥಾನ ಕೊಟ್ಟಿತು. ಆದರೆ ಅವನ್ನು ಪರದೆಯಲ್ಲಿ ಜೋಡಿಸಿ ತೋರಿಸುವ ಕೆಲಸ ಆಯಾ ತಂತ್ರಾಂಶದ್ದು. ಅನೇಕ ಟರ್ಮಿನಲ್‌ಗಳು ಅದನ್ನಿನ್ನೂ ಸರಿಯಾಗಿ ಕಲಿತಿಲ್ಲ. ಇವುಗಳ ಮೂಲಬರಹವನ್ನು ಯಾರೂ ಓದಿ ತಿದ್ದಬಹುದು. ತಿದ್ದುವವನಿಗೆ ಕನ್ನಡದ ಒತ್ತು ಎಲ್ಲಿ ಕೂರಬೇಕೆಂದು ಗೊತ್ತಿರಬೇಕಷ್ಟೆ.

ಆ ಹುಡುಗಿಯಿಂದ ಕಡತವನ್ನು ಹಾಗೆಯೇ ಉಳಿಸಿಸಿ, ಲಿಬ್ರೆ ಆಫೀಸಿನಲ್ಲಿ ತೆರೆಯಿಸಿದೆ. 'ಮಂಜೇಶ್ವರ' ಸರಿಯಾಗಿಯೇ ಇತ್ತು, ಒತ್ತು ತನ್ನ ಜಾಗದಲ್ಲಿತ್ತು. ಆಕೆ ಎರಡೂ ಕಿಟಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದಳು. ಬಳಿಕ, "ಹಾಗಾದರೆ ಇದನ್ನು ಸರಿಮಾಡುವುದು ಯಾರು ಸರ್?" ಎಂದು ಕೇಳಿದಳು.