ಗರಗಸಕ್ಕೆ 240 ವೋಲ್ಟ್: ಮೋಟರಿಗಿಂತ ಮೊದಲು ಸ್ವಿಚ್ ನೋಡಿ

ಅಮೆರಿಕದಲ್ಲಿದ್ದು, ಗ್ಯಾರೇಜಿನಲ್ಲಿ ಮರಗೆಲಸದ ಹುಚ್ಚು ಹತ್ತಿಸಿಕೊಂಡವರಿಗೆ ಈ ಬರಹ. ಒಂದೂವರೆ ಎಚ್‌ಪಿ ಟೇಬಲ್ ಸಾ 120 ವೋಲ್ಟಿನಲ್ಲಿ ದಪ್ಪ ಹಲಗೆ ಸೀಳುವಾಗ ತಿಣುಕುತ್ತದೆ, ಸ್ಟಾರ್ಟ್ ಮಾಡಿದರೆ ಲೈಟು ಮಂಕಾಗುತ್ತದೆ, ಒಮ್ಮೊಮ್ಮೆ ಬ್ರೇಕರ್ ಬೀಳುತ್ತದೆ. 240ಕ್ಕೆ ಬದಲಿಸಿದರೆ ಮೋಟರ್ ಎಳೆಯುವ ಆಂಪ್ಸ್ ಅರ್ಧಕ್ಕಿಳಿಯುತ್ತದೆ. ಬಿಲ್ಲೂ ಅರ್ಧವಾಗುತ್ತದೆ ಎನ್ನುವವರನ್ನು ನಂಬಬೇಡಿ. ವೋಲ್ಟೇಜ್ ಇಮ್ಮಡಿಯಾದ್ದರಿಂದ ವಾಟ್ ಹೆಚ್ಚುಕಡಿಮೆ ಅಷ್ಟೇ.

ಹಂತ 1. ಮೋಟರಿನ ನೇಮ್‌ಪ್ಲೇಟ್ ಓದಿ. 115/230 ಎಂದಿದ್ದರೆ ಮಾತ್ರ ಮುಂದುವರಿಯಿರಿ. ಬರೀ 115 ಎಂದಿದ್ದರೆ ಆ ಮೋಟರನ್ನು ಹಾಗೇ ಬಿಡಿ.

ಹಂತ 2. 240ರ ಸಾಕೆಟ್ ಹಾಕುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಮೇನ್ ಬ್ರೇಕರ್ ಆಫ್ ಮಾಡಿದರೂ ಪ್ಯಾನೆಲ್ಲಿಗೆ ಬರುವ ದಪ್ಪ ತಂತಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. 20 ಆಂಪ್ಸ್ ಡಬಲ್ ಪೋಲ್ ಬ್ರೇಕರ್, 12 ಗೇಜ್ ತಾಮ್ರದ ವೈರ್ ಇಂಥ ಗರಗಸಕ್ಕೆ ಸಾಕು.

ಹಂತ 3. ಪ್ಲಗ್ ಕಿತ್ತು ಕಣ್ಣೆದುರೇ ಇಟ್ಟುಕೊಳ್ಳಿ. ಮೋಟರಿನ ಬೆನ್ನ ಮೇಲಿನ ಉಬ್ಬಿನೊಳಗೆ ಕೆಪ್ಯಾಸಿಟರ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಆ ಮುಚ್ಚಳ ತೆಗೆಯುವುದೇ ಬೇಡ.

ಹಂತ 4. ಟರ್ಮಿನಲ್ ಬಾಕ್ಸ್ ಬಿಚ್ಚಿ, ವೈರ್ ಮುಟ್ಟುವ ಮೊದಲು ಫೋಟೊ ತೆಗೆಯಿರಿ. ಒಳಗೆ ಮುಖ್ಯ ವೈಂಡಿಂಗ್ ಎರಡು ಭಾಗವಾಗಿರುತ್ತದೆ. 115ರಲ್ಲಿ ಅವು ಅಕ್ಕಪಕ್ಕ, ಅಂದರೆ ಪ್ಯಾರಲಲ್. 230ರಲ್ಲಿ ಒಂದರ ಬಾಲಕ್ಕೆ ಇನ್ನೊಂದು, ಸೀರೀಸ್. ಹಾಗಾಗಿ ಒಂದೊಂದು ಭಾಗಕ್ಕೂ ಸಿಗುವುದು ಮೊದಲಿನ ವೋಲ್ಟೇಜೇ. ಯಾವ ನಂಬರಿನ ವೈರ್ ಎಲ್ಲಿಗೆ ಎಂಬುದಕ್ಕೆ ಮೋಟರಿನ ಮೇಲಿನ ಚಿತ್ರವೇ ಪ್ರಮಾಣ, ಬೇರೆ ಮೋಟರಿನ ಚಿತ್ರವಲ್ಲ.

ಹಂತ 5. ಈಗ ಸ್ವಿಚ್. ಹೆಚ್ಚಿನವರು ಎಡವುವುದು ಇಲ್ಲೇ. 120ರಲ್ಲಿ ಒಂದು ತಂತಿ ಲೈವ್, ಇನ್ನೊಂದು ನ್ಯೂಟ್ರಲ್; ಸ್ವಿಚ್ ಲೈವನ್ನಷ್ಟೇ ಕಡಿದರೂ ನಡೆಯುತ್ತದೆ. ಅಮೆರಿಕದ 240ರಲ್ಲಿ ಎರಡೂ ತಂತಿ ಲೈವ್, ಭೂಮಿಗೆ ಹೋಲಿಸಿದರೆ ತಲಾ 120. ಹಳೆಯ ಸ್ವಿಚ್ಚನ್ನೇ ಉಳಿಸಿಕೊಂಡರೆ, ಆಫ್ ಒತ್ತಿದಾಗ ಮೋಟರ್ ನಿಲ್ಲುತ್ತದೆ ನಿಜ, ಆದರೆ ಇನ್ನೊಂದು ತಂತಿಯ ಕರೆಂಟ್ ವೈಂಡಿಂಗಿನಲ್ಲಿ ಕೂತೇ ಇರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ಚೇ ಬೇಕು. ಅದರ ಮೈಮೇಲೆ 250 ವೋಲ್ಟಿನ ಪಕ್ಕದಲ್ಲಿ ಬರೆದ ಎಚ್‌ಪಿ ನಿಮ್ಮ ಮೋಟರಿನಷ್ಟೋ ಅದಕ್ಕಿಂತ ಹೆಚ್ಚೋ ಇರಲಿ. ಮ್ಯಾಗ್ನೆಟಿಕ್ ಸ್ವಿಚ್ಚಾದರೆ 120ರ ಕಾಯಿಲ್ ಸುಟ್ಟುಹೋಗುತ್ತದೆ. 240ರ ಕಾಯಿಲ್ ಹಾಕಿಸಿ, ಓವರ್‌ಲೋಡನ್ನೂ ಹೊಸ ಆಂಪ್ಸ್‌ಗೆ ಹೊಂದಿಸಿ.

ಬಣ್ಣದ ವಿಷಯದಲ್ಲಿ ನಮ್ಮ ಊರಿನ ಅಭ್ಯಾಸ ಕೈಕೊಡುತ್ತದೆ. ಅಲ್ಲಿ ಕಪ್ಪು ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪೇ ಲೈವ್, ಬಿಳಿ ನ್ಯೂಟ್ರಲ್. ಈಗ ಆ ಬಿಳಿಯೂ ಲೈವ್ ಆಗುವುದರಿಂದ ಅದರ ಎರಡೂ ತುದಿಗೆ ಕಪ್ಪು ಅಥವಾ ಕೆಂಪು ಟೇಪ್ ಸುತ್ತಿ. ಹಸಿರು ಅರ್ಥ್, ಅದು ಸ್ವಿಚ್ಚಿನ ಮೂಲಕ ಹೋಗಬಾರದು. ನೇರವಾಗಿ ಮೋಟರಿನ ಮೈಗೆ, ಯಂತ್ರದ ಕಬ್ಬಿಣಕ್ಕೆ ಬಿಗಿಯಿರಿ.

ಹಂತ 6. 240ರ ಪ್ಲಗ್ ಹಾಕಿ. ಸಾಕೆಟ್ಟಿಗೆ ಸಿಕ್ಕಿಸುವ ಮುನ್ನ ಮಲ್ಟಿಮೀಟರ್ ಹಿಡಿದು, ಅರ್ಥ್ ಪಿನ್ನಿಗೂ ಯಂತ್ರದ ಮೈಗೂ ಸಂಪರ್ಕ ಇದೆಯೇ, ಉಳಿದೆರಡು ಪಿನ್ನುಗಳಿಗೂ ಮೈಗೂ ಇಲ್ಲವೇ ನೋಡಿ. ಸಾದಾ ಸ್ವಿಚ್ಚಾದರೆ ಆನ್ ಮಾಡಿ ಇನ್ನೊಮ್ಮೆ ನೋಡಿ. ಆಮೇಲೆ ಆಫ್ ಮಾಡಿ, ಪ್ರತಿ ಪಿನ್ನಿನಿಂದ ಮೋಟರಿಗೆ ಹೋಗುವ ದಾರಿ ಕಡಿದಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಹಂತ 7. ಬ್ಲೇಡ್ ಬಿಚ್ಚಿಟ್ಟು ಮೊದಲ ಸಲ ಓಡಿಸಿ. ಉಲ್ಟಾ ತಿರುಗಿದರೆ ಪ್ಲಗ್ ಕಿತ್ತು, ಚಿತ್ರದಲ್ಲಿ ತೋರಿಸಿದ ಸ್ಟಾರ್ಟಿಂಗ್ ವೈಂಡಿಂಗಿನ ಎರಡು ವೈರ್ ಅದಲುಬದಲು ಮಾಡಿ. ಗುಂಯ್ ಎನ್ನುತ್ತಾ ತಿರುಗದೆ ನಿಂತರೆ ತಕ್ಷಣ ಆಫ್ ಮಾಡಿ, ನಾಲ್ಕನೇ ಹಂತದ ಜೋಡಣೆಯನ್ನು ಚಿತ್ರದೊಂದಿಗೆ ಮತ್ತೆ ತಾಳೆ ನೋಡಿ.